ಲಾಡಿಯಣ್ಣನ ಕಬ್ಬಿಣ

ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿದ್ದವನಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಲಾಡಿಯಣ್ಣ. ಹೆಸರು ಬಂದದ್ದು ಅವನ ಪ್ಯಾಂಟಿನಿಂದ. ಅದಕ್ಕೆ ಬೆಲ್ಟು ಇರಲಿಲ್ಲ, ಜಿಪ್ಪು ಇರಲಿಲ್ಲ, ಕೊಕ್ಕೆಯೂ ಇರಲಿಲ್ಲ. ಸೊಂಟದ ಮಡಿಕೆಯೊಳಗೆ ಓಡಿಸಿದ ಹತ್ತಿಯ ಲಾಡಿ, ಅದಕ್ಕೊಂದು ಗಟ್ಟಿ ಗಂಟು. ಕೆಲಸಕ್ಕೆ ಹೋಗುವಾಗಲೂ ಅದೇ, ಮದುವೆಮನೆಗೆ ಹೋಗುವಾಗಲೂ ಅದೇ. ಕಾಲಿಗೆ ರಬ್ಬರ್ ಚಪ್ಪಲಿ. ಕೈಗೆ ಗಡಿಯಾರವಿಲ್ಲ. ಮನೆಯ ಬೀಗದ ಕೈಯನ್ನು ಕೂಡ ನೆಲಮಹಡಿಯಲ್ಲಿದ್ದ ನನ್ನ ಬಾಗಿಲ ಮೊಳೆಗೆ ತಗುಲಿಸಿ ಹೋಗುತ್ತಿದ್ದ. ನನಗಿಂತ ಬಹಳ ಚಿಕ್ಕವನಾದ್ದರಿಂದ ಬೀದಿಯವರೆಲ್ಲ ಅಣ್ಣ ಅಂದರೂ ನಾನು ಅವನನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಕಬ್ಬಿಣವೆಂದರೆ ಅವನಿಗೆ ಅಷ್ಟು ದೂರ. ಅದಕ್ಕೆ ಕಾರಣ ಅವನ ಉದ್ಯೋಗ.

ಹಳೆಯ ಕಟ್ಟಡ, ಹಳೆಯ ಸೇತುವೆಗಳ ಬುಡ ನೆಲದೊಳಗೆ ಎಷ್ಟು ಆಳಕ್ಕೆ ಇಳಿದಿದೆ ಎಂದು ಕಂಡುಹಿಡಿಯುವ ಕಚೇರಿಯೊಂದರಲ್ಲಿ ಅವನಿಗೆ ಕೆಲಸ. ಕಟ್ಟಿದವರು ಸತ್ತಿರುತ್ತಾರೆ, ನಕ್ಷೆ ಕಳೆದಿರುತ್ತದೆ. ಪಕ್ಕದಲ್ಲಿ ಹೊಸದೇನನ್ನೋ ಕಟ್ಟಬೇಕಾದರೆ, ಹೊಳೆಯ ಪಾತ್ರವನ್ನು ಆಳ ಮಾಡಬೇಕಾದರೆ, ಹಳೆಯ ಬುಡ ಎಲ್ಲಿಗೆ ನಿಂತಿದೆ ಎಂದು ಗೊತ್ತಿರಲೇಬೇಕು. ಅಗೆದು ನೋಡೋಣವೆಂದರೆ ಮೇಲಿರುವುದೇ ಕುಸಿದೀತು. ಆದ್ದರಿಂದ ಬುಡದ ಪಕ್ಕದಲ್ಲಿ, ಅದಕ್ಕೆ ತಾಗದಂತೆ, ಸಣ್ಣದೊಂದು ಕೊಳವೆ ಕೊರೆಯುತ್ತಾರೆ. ಅದರೊಳಗೆ ಪ್ಲಾಸ್ಟಿಕ್ ಪೈಪು ಇಳಿಸುತ್ತಾರೆ. ಪೈಪಿನೊಳಗೆ ಅಯಸ್ಕಾಂತದ ಸೆಳೆತವನ್ನು ಅಳೆಯುವ ಒಂದು ಉದ್ದನೆಯ ಉಪಕರಣವನ್ನು ಕೇಬಲ್ಲಿಗೆ ಕಟ್ಟಿ ಬಿಡುತ್ತಾರೆ. ಅವರೆಲ್ಲ ಅದನ್ನು ಕೋಲು ಎಂದೇ ಕರೆಯುತ್ತಿದ್ದರು. ಕೋಲಿನ ಅಳತೆ ಮೇಲಿಟ್ಟ ಪೆಟ್ಟಿಗೆಯೊಂದರಲ್ಲಿ ಅಂಕಿಗಳಾಗಿ ಮೂಡುತ್ತಿತ್ತು.

ಅದು ಹೇಗೆ ಕೆಲಸ ಮಾಡುತ್ತದೆಂದು ಕೇಳಿದಾಗ ಅವನು ಶಾಲೆಯ ಮೇಷ್ಟ್ರಾದ ನನಗೆ ನನ್ನದೇ ಭಾಷೆಯಲ್ಲಿ ಹೇಳಿದ್ದ. "ಟೀಚರ್, ಕಣ್ಣು ಮುಚ್ಕೊಂಡು ನಿಮ್ಮ ಶಾಲೆ ಗೋಡೆ ಪಕ್ಕ ನಡೀತಾ ಹೋಗಿ. ಒಳಗೆ ಮಕ್ಕಳ ಗಲಾಟೆ ಕೇಳ್ತಾನೇ ಇರುತ್ತೆ. ಎಲ್ಲಿ ಗಲಾಟೆ ನಿಲ್ಲುತ್ತೋ ಅಲ್ಲಿಗೆ ಶಾಲೆ ಮುಗೀತು. ಕಾಂಕ್ರೀಟ್ ಕಂಬದೊಳಗಿನ ಸರಳುಗಳು ಆ ಮಕ್ಕಳ ಹಾಗೆ. ಕೋಲು ಅವುಗಳ ಪಕ್ಕ ಇರೋವರೆಗೂ ಅಂಕಿಗಳು ಕುಣೀತಾವೆ. ಕಂಬದ ತುದಿ ದಾಟಿ ಕೆಳಗೆ ಹೋದ್ರೆ ಸದ್ದಡಗುತ್ತೆ."

"ಸರಳೇ ಇಲ್ಲದ ಬುಡವಾದರೆ?"

"ಆಗ ನಮ್ಮ ಕೋಲು ಕುರುಡು. ಬೇರೆ ಯಾರನ್ನಾದ್ರೂ ಕರೀರಿ ಅಂತೀವಿ."

ಇಷ್ಟು ಸೂಕ್ಷ್ಮವಾದ ಉಪಕರಣದ ಹತ್ತಿರ ಕೆಲಸಗಾರರೇ ಕಬ್ಬಿಣ ಹೊತ್ತು ತಿರುಗಿದರೆ ಗತಿಯೇನು? ಸೇತುವೆಯ ಕಟಕಟೆಯಂತೆ ಇದ್ದಲ್ಲೇ ಇರುವ ಕಬ್ಬಿಣದ ಲೆಕ್ಕ ಹಿಡಿಯಬಹುದು. ನಡೆದಾಡುವ ಕಬ್ಬಿಣ ಮಾತ್ರ ಎಲ್ಲವನ್ನೂ ಕೆಡಿಸುತ್ತದೆ ಎನ್ನುತ್ತಿದ್ದ. ಕೊಳವೆಯ ಸುತ್ತ ಹಗ್ಗ ಕಟ್ಟಿ, ಅದರೊಳಗೆ ಬರುವವರಿಂದ ಚಾಕು, ಚಾವಿ, ಬೆಲ್ಟು, ಫೋನು ಎಲ್ಲವನ್ನೂ ಬಿಚ್ಚಿಡಿಸುತ್ತಿದ್ದ. ಕೊರೆಯುವ ಯಂತ್ರದ ಚಾಲಕ ಗಟ್ಟಿಮುಟ್ಟಾದ ಆಳು. ಅವನ ಬೂಟಿನ ಮೂತಿಯಲ್ಲಿ ಉಕ್ಕಿನ ತಗಡಿತ್ತು. ಪ್ರತಿ ಸಲವೂ ಬೂಟು ಬಿಚ್ಚಿ ಬರಿಗಾಲಲ್ಲಿ ನಿಲ್ಲಬೇಕಾಗುತ್ತಿತ್ತು. "ನಿಮ್ಮ ಕೊಳವೆಗೆ ಬರೋದೂ ಒಂದೇ, ಆಪರೇಷನ್ನಿಗೆ ಹೋಗೋದೂ ಒಂದೇ" ಎಂದು ಅವನು ಗೊಣಗುತ್ತಿದ್ದ. ಕಚೇರಿಯ ಮುಖ್ಯ ಇಂಜಿನಿಯರಮ್ಮ ಮೊದಲ ದಿನ ಬಂದಾಗ ಅವಳ ತಲೆಗೂದಲಿನ ಕ್ಲಿಪ್ಪನ್ನು ತೋರಿಸಿ, "ಮೇಡಂ, ಒಂದೋ ಅದು ಹೊರಗಿರ್ಬೇಕು, ಇಲ್ಲಾ ನೀವು" ಅಂದನಂತೆ. ಅವಳು ನಕ್ಕು ಕ್ಲಿಪ್ಪು ತೆಗೆದಳು. ಅಂದಿನಿಂದ ಅವಳಿಗೂ ಅವನು ಅಣ್ಣನೇ ಆದ.

ಒಮ್ಮೆ ಹಳೆಯ ಗೋದಾಮಿನ ಬುಡ ಅಳೆಯುವಾಗ, ಕಂಬ ಮುಗಿದು ಎಷ್ಟೋ ಕೆಳಗೆ ಹೋದ ಮೇಲೆ ಅಂಕಿಗಳು ಮತ್ತೆ ಎದ್ದು ಕುಣಿದವು. ನೆಲದಾಳದಲ್ಲಿ ಇನ್ನೊಂದು ಕಟ್ಟಡವಿದೆಯೇನೋ ಎಂದು ಎಲ್ಲರೂ ಬಾಯಿ ಬಿಟ್ಟರು. ಇವನೊಬ್ಬ ಹೋಗಿ ಚಾಲಕನ ಸಲಕರಣೆ ಪೆಟ್ಟಿಗೆ ತೆಗೆಸಿದ. ದೊಡ್ಡ ಸ್ಪ್ಯಾನರು ಕಾಣೆ! ಕೊರೆಯುವಾಗ ಕೈಜಾರಿ ಕೊಳವೆಗೆ ಬಿದ್ದದ್ದನ್ನು ಚಾಲಕ ಬಾಯಿ ಬಿಟ್ಟು ಹೇಳಿರಲಿಲ್ಲ. ಆ ಕಥೆ ಹೇಳಿ ಮುಗಿಸುವಾಗ ಅವನು ಸೇರಿಸುತ್ತಿದ್ದ ಮಾತು ನನಗೆ ಇನ್ನೂ ನೆನಪಿದೆ. "ಕಬ್ಬಿಣ ಇದೆ ಅಂತ ಮಾತ್ರ ಕೋಲು ಹೇಳುತ್ತೆ ಟೀಚರ್. ಯಾರ ಕಬ್ಬಿಣ ಅಂತ ನಾವೇ ಕೇಳಿ ತಿಳ್ಕೋಬೇಕು."

ಇಂಥವನ ಹೆಂಡತಿ ದರ್ಜಿ. ಬೀದಿಯ ಮೂಲೆಯಲ್ಲಿ ಅವಳದೊಂದು ಪುಟ್ಟ ಹೊಲಿಗೆ ಅಂಗಡಿ. ಎಲ್ಲರಿಗೂ ಅವಳು ಹೊಲಿಗೆಯಕ್ಕ. ಸೂಜಿ, ಕತ್ತರಿ, ಬೆರಳಿಗೆ ಉಕ್ಕಿನ ಟೊಪ್ಪಿ, ಕಾಲರಿನ ತುಂಬ ಗುಂಡುಪಿನ್ನು, ತುಟಿಗಳ ನಡುವೆಯೂ ಒಂದೆರಡು. ಪಿನ್ನು ಕಚ್ಚಿಕೊಂಡೇ ಬೀದಿಯ ಸುದ್ದಿಯನ್ನೆಲ್ಲ ಸ್ಪಷ್ಟವಾಗಿ ಹೇಳಬಲ್ಲವಳು. ಇಬ್ಬರ ಪರಿಚಯವಾದದ್ದೂ ಆ ಅಂಗಡಿಯಲ್ಲೇ. ಹೊಸದಾಗಿ ಕೆಲಸಕ್ಕೆ ಸೇರಿದ ಇವನು ಹೋಗಿ, "ಚೂರೂ ಕಬ್ಬಿಣ ಇಲ್ಲದ ಪ್ಯಾಂಟು ಬೇಕು" ಎಂದನಂತೆ. ಅವಳು ಅಳತೆಯ ಟೇಪು ತೆಗೆಯುತ್ತ, "ಯಾಕೆ, ಜೈಲಿಂದ ತಪ್ಪಿಸ್ಕೊಂಡು ಬಂದ್ರಾ?" ಎಂದಳಂತೆ. ಆಮೇಲೆ ಅವನ ಪ್ಯಾಂಟುಗಳನ್ನೆಲ್ಲ ಅವಳೇ ಹೊಲಿದಳು. ಲಾಡಿ ಓಡಿಸುವುದಕ್ಕೆ ಎಲ್ಲರೂ ಪಿನ್ನು ಬಳಸುತ್ತಾರೆ. ಅವಳು ಗಂಡನ ಲಾಡಿಗೆಂದೇ ಹಳೆಯ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ತೆಳ್ಳಗೆ ಉಜ್ಜಿ, ತೂತು ಮಾಡಿ ಇಟ್ಟುಕೊಂಡಿದ್ದಳು. ಅವನ ಬಟ್ಟೆಗಳಿಗೆ ಬೇರೆಯೇ ಮರದ ಪೆಟ್ಟಿಗೆ. "ನಮ್ಮ ಮನೇಲಿ ನಾನು ಮುಟ್ಟಬಾರದವಳು ಟೀಚರ್" ಎಂದು ನಗುತ್ತಿದ್ದಳು. ಆ ಪ್ಯಾಂಟುಗಳು ಕೆಲಸದ ಜಾಗದಲ್ಲಿ ಗಾದೆಯಾಗಿದ್ದವು. ಯಾರ ಮೇಲಾದರೂ ಅನುಮಾನ ಬಂದರೆ, "ಲಾಡಿಯಣ್ಣನ ಪ್ಯಾಂಟಿನಷ್ಟು ಶುದ್ಧವಾಗಿದ್ದೀಯೇನೋ?" ಎಂದು ಕೇಳುತ್ತಿದ್ದರು.

ಹೀಗೆ ನಡೆಯುತ್ತಿದ್ದ ಬದುಕಿನಲ್ಲಿ ಒಂದು ದಿನ ಒದ್ದೆಯಾಗಿದ್ದ ಲಾರಿಯ ಮೆಟ್ಟಿಲಿಂದ ಇಳಿಯುವಾಗ ಅವನ ಕಾಲು ಜಾರಿತು. ಮೊಣಕಾಲಿನ ಕೆಳಗಿನ ಮೂಳೆ ಎರಡು ತುಂಡು. ಆಸ್ಪತ್ರೆಯಲ್ಲಿ ಒಳಗೆ ಲೋಹದ ಪಟ್ಟಿ ಇಟ್ಟು ತಿರುಪು ಹಾಕಿ ಕೂಡಿಸಿದರು. ನಾನು ನೋಡಲು ಹೋದಾಗ ಅವನಿಗೆ ನೋವಿನ ಚಿಂತೆಯೇ ಇರಲಿಲ್ಲ. "ಟೀಚರ್, ನನ್ನೊಳಗೇ ತಗಡು ಇಟ್ಟುಬಿಟ್ರು. ಇನ್ನು ಕೊಳವೆ ಹತ್ತಿರ ಹೋಗೋದು ಹೇಗೆ?" ಎಂದು ಮಗುವಿನಂತೆ ಕೇಳಿದ. ಮೂಳೆಯ ಡಾಕ್ಟರು ಒಳ್ಳೆಯ ಮನುಷ್ಯ. ಅಂಥದೇ ಇನ್ನೊಂದು ಪಟ್ಟಿಯನ್ನು ತರಿಸಿ, ಸೂಚನಾ ಫಲಕದಲ್ಲಿದ್ದ ಅಯಸ್ಕಾಂತದ ಬಿಲ್ಲೆಯನ್ನು ಅದಕ್ಕೆ ಒತ್ತಿ ತೋರಿಸಿದರು. ಬಿಲ್ಲೆ ಹಿಡಿಯದೆ ಹಾಸಿಗೆಯ ಮೇಲೆ ಬಿತ್ತು. "ನೋಡಪ್ಪಾ, ಇದು ಅಂಟೋ ಜಾತಿಯ ಲೋಹ ಅಲ್ಲ. ಧೈರ್ಯವಾಗಿ ಹೋಗು." ಅವನ ಮುಖ ಅರಳಿತು. ಹಾಸಿಗೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದ ಹೊಲಿಗೆಯಕ್ಕನ ಮುಖ ಅಷ್ಟೇನೂ ಅರಳಲಿಲ್ಲ. ಅದನ್ನು ಆಗ ನಾನು ದಣಿವು ಅಂದುಕೊಂಡೆ.

ಕಾಲು ನೆಟ್ಟಗಾಗಲು ಬಹಳ ತಿಂಗಳು ಹಿಡಿಯಿತು. ಕೆಲಸಕ್ಕೆ ಮರಳುವ ದಿನಕ್ಕೆಂದು ಅವಳು ಅಗಲವಾದ ಕಾಲಿನ ಹೊಸ ಪ್ಯಾಂಟು ಹೊಲಿದಳು, ಇನ್ನೂ ಊದಿಕೊಂಡಿದ್ದ ಕಾಲಿಗೆ ಒತ್ತದಿರಲೆಂದು. ಆ ಬೆಳಗ್ಗೆ ಕೆಳಗೆ ಜೀಪು ಬಂದು ಹಾರನ್ನು ಹೊಡೆಯುತ್ತಿತ್ತು. ಅವಸರದಲ್ಲಿ ಇವನು ಲಾಡಿಯ ಒಂದು ತುದಿಯನ್ನು ಜೋರಾಗಿ ಎಳೆದ. ಇನ್ನೊಂದು ತುದಿ ಮಡಿಕೆಯೊಳಗೆ ಹೊಕ್ಕುಬಿಟ್ಟಿತು.

"ಇವಳೇ! ಲಾಡಿ ಒಳಗೆ ಹೋಯ್ತು!"

"ಪ್ಯಾಂಟು ಹಾಕ್ಕೊಳ್ಳೋಕೆ ಮುಂಚೆ ಗಂಟು ಹಾಕಿ ಅಂತ ಎಷ್ಟು ಸಲ ಹೇಳ್ಬೇಕ್ರೀ? ಕೊಡಿ ಇಲ್ಲಿ."

ಬ್ರಷ್ಷಿನ ಹಿಡಿ ಅಂಗಡಿಯಲ್ಲಿತ್ತು. ಜೀಪು ಮತ್ತೆ ಕೂಗಿತು. ಅವಳು ಕೈಗೆ ಸಿಕ್ಕ ಸೇಫ್ಟಿಪಿನ್ನನ್ನೇ ಲಾಡಿಯ ತುದಿಗೆ ಚುಚ್ಚಿ ಓಡಿಸಿದಳು. ಅರ್ಧದಾರಿಯಲ್ಲಿ ಲಾಡಿಯ ಅಂಚು ಹರಿದು ಪಿನ್ನು ಕಳಚಿತು. ಕೆಳಗೆಲ್ಲೋ ಬಿತ್ತೆಂದುಕೊಂಡು ಪೆನ್ನಿನ ಮುಚ್ಚಳಕ್ಕೆ ಲಾಡಿ ಸಿಕ್ಕಿಸಿ ಕೆಲಸ ಮುಗಿಸಿದಳು. ಅವನು ಕುಂಟುತ್ತ, ನಗುತ್ತ ಮೆಟ್ಟಿಲಿಳಿದು ನನ್ನ ಬಾಗಿಲ ಮೊಳೆಗೆ ಚಾವಿ ಹಾಕಿ ಹೋದ.

ಅಂದಿನ ಕೆಲಸ ನಮ್ಮ ಊರಿನ ಹಳೆಯ ಸೇತುವೆಯಲ್ಲಿ. ನೆರೆ ಬಾರದಂತೆ ಹೊಳೆಯ ಪಾತ್ರವನ್ನು ಆಳ ಮಾಡಬೇಕೆಂದಿತ್ತು. ಸೇತುವೆಯ ಕಂಬಗಳು ಅದಕ್ಕಿಂತ ಆಳಕ್ಕೆ ಇಳಿದಿವೆಯೇ ಎಂದು ಮೊದಲು ತಿಳಿಯಬೇಕಿತ್ತು. ದಡದ ಕಂಬದ ಪಕ್ಕ ಕೊಳವೆ ಸಿದ್ಧವಾಗಿತ್ತು. ಕೋಲನ್ನು ಇಳಿಸುವ ಮೊದಲು ಮೂರು ಕಾಲಿನ ಮರದ ಮುಕ್ಕಾಲಿಗೆ ತೂಗುಹಾಕಿ ಅಂಕಿ ನೆಲೆ ನಿಲ್ಲುತ್ತದೆಯೇ ಎಂದು ನೋಡುವುದು ಪದ್ಧತಿ. ಅಂಕಿ ನಿಂತಿತ್ತು. ಲಾಡಿಯಣ್ಣ ಹಗ್ಗದೊಳಗೆ ಕಾಲಿಟ್ಟು ಕೇಬಲ್ಲಿಗೆ ಕೈ ಹಾಕಿದ. ಅಂಕಿ ಓಡತೊಡಗಿತು.

ಅವನು ಹಿಂದೆ ಸರಿದ. ಅಂಕಿ ನಿಂತಿತು. ಮತ್ತೆ ಹತ್ತಿರ ಬಂದ. ಮತ್ತೆ ಓಡಿತು.

"ಅಣ್ಣಾ, ಜೇಬಲ್ಲಿ ಏನಾದ್ರೂ ಉಳಿದಿದೆಯಾ ನೋಡಿ" ಎಂದಳು ಇಂಜಿನಿಯರಮ್ಮ.

ಚಾಲಕ ನಕ್ಕ. "ಲಾಡಿಯಣ್ಣನಿಗೆ ಜೇಬೇ ಇಲ್ವಲ್ಲ ಮೇಡಂ!"

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಎಲ್ಲರ ಕಣ್ಣೂ ಒಟ್ಟಿಗೇ ಅವನ ಕಾಲಿನ ಮೇಲೆ ಹೋಯಿತು. ಅವನ ಬಟ್ಟೆಯನ್ನು ಅನುಮಾನಿಸುವುದು ಅಲ್ಲಿ ಯಾರಿಗೂ ಹೊಳೆಯಲಿಲ್ಲ. ಅವನಿಗಂತೂ ಮೊದಲೇ ಇಲ್ಲ.

"ಡಾಕ್ಟರು ಹಿಡಿಯಲ್ಲ ಅಂದಿದ್ರಲ್ಲ?" ಎಂದಳು ಇಂಜಿನಿಯರಮ್ಮ ಮೆಲ್ಲಗೆ.

"ಡಾಕ್ಟರು ಸಾವಿರ ಹೇಳ್ತಾರೆ ಮೇಡಂ. ಈ ಕೋಲು ಇಷ್ಟು ವರ್ಷ ನನಗೆ ಒಂದು ಸುಳ್ಳು ಹೇಳಿಲ್ಲ" ಎಂದು ಅವನು ತಾನೇ ಹಗ್ಗ ದಾಟಿ ಹೊರಗೆ ಹೋಗಿ, ಚಾಲಕನ ಬೂಟುಗಳಿದ್ದ ಕಡೆ ಕೂತ. ಆ ದಿನ ಕೇಬಲ್ಲನ್ನು ಬೇರೆಯವರು ಇಳಿಸಿದರು.

ಕಚೇರಿಯವರು ಅವನನ್ನು ಕೈಬಿಡಲಿಲ್ಲ. ಮೇಜು ಕೊಟ್ಟರು, ಬೇರೆಯವರು ತಂದ ಅಂಕಿಗಳನ್ನು ಕಾಗದದ ಮೇಲೆ ಗೆರೆಯಾಗಿ ಎಳೆಯುವ ಕೆಲಸ ಕೊಟ್ಟರು. ಸಂಬಳ ಅಷ್ಟೇ, ನೆರಳಿನ ಕೆಲಸ, ಬಿಸಿಲಿಲ್ಲ ಮಣ್ಣಿಲ್ಲ. ನಾವೆಲ್ಲ ಒಳ್ಳೆಯದೇ ಆಯಿತೆಂದೆವು. ಅವನು ಮಾತ್ರ ಒಂದು ಸಂಜೆ ಹೆಂಡತಿಗೆ, "ಇನ್ನು ನನ್ನ ಪ್ಯಾಂಟಿಗೆ ಜಿಪ್ಪು ಹಾಕಿ ಹೊಲಿ. ಲಾಡಿ ಯಾರಿಗೆ ಬೇಕು, ಕೂರೋದು ಹೇಗಿದ್ರೂ ಕಬ್ಬಿಣದ ಕುರ್ಚೀಲಿ" ಎಂದ. ಅವಳು ಹೊಲಿದು ಕೊಟ್ಟಳು. ಬೆಲ್ಟು ಹಾಕಿಕೊಂಡು ಅವನು ಮೆಟ್ಟಿಲಿಳಿದ ಬೆಳಗ್ಗೆ ಬೀದಿಯ ಮಕ್ಕಳು ಹೊಸಬನನ್ನು ನೋಡುವಂತೆ ನೋಡಿದರು. ನನ್ನ ಬಾಗಿಲ ಮೊಳೆಗೂ ಕೆಲಸ ತಪ್ಪಿತು. ಚಾವಿ ಈಗ ಅವನ ಜೇಬಿನಲ್ಲೇ ಇರುತ್ತಿತ್ತು. ಮಾತು ಕಡಿಮೆಯಾಯಿತು. ನನ್ನ ಪೇಪರು ಓದಲು ಬರುತ್ತಿದ್ದವನು ಪುಟ ತಿರುಗಿಸದೆ ಕೂತಿರುತ್ತಿದ್ದ.

ಆ ಅಗಲ ಕಾಲಿನ ಪ್ಯಾಂಟು ಮನೆಯಲ್ಲಿ ಉಡುವ ಬಟ್ಟೆಯಾಯಿತು. ಒಗೆದು ಒಗೆದು ಒಣಗಿಸುತ್ತಿದ್ದ ಹೊಲಿಗೆಯಕ್ಕನಿಗೆ ಒಂದು ದಿನ ಸೊಂಟದ ಮಡಿಕೆಯ ಎಡಪಕ್ಕದಲ್ಲಿ ಕಂದು ಕಲೆ ಕಾಣಿಸಿತು. ಸಾಬೂನು ಹಾಕಿ ಉಜ್ಜಿದಳು. ಹೋಗಲಿಲ್ಲ. ದರ್ಜಿಯ ಬೆರಳು, ಕಲೆಯ ಕೆಳಗೆ ಗಟ್ಟಿಯಾದದ್ದು ತಾಗಿತು. ಹೊಲಿಗೆ ಬಿಚ್ಚಿದಾಗ ತುಕ್ಕು ಹಿಡಿದ ಸೇಫ್ಟಿಪಿನ್ನು ಅಂಗೈಗೆ ಬಿತ್ತು.

ಅವಳಿಗೆ ಎಲ್ಲವೂ ಒಂದೇ ಗಳಿಗೆಯಲ್ಲಿ ತಿಳಿಯಿತು. ಆಮೇಲೆ ಅವಳು ಮಾಡಿದ್ದನ್ನು ಅವಳೇ ನನಗೆ ಹೇಳಿದ್ದಾಳೆ, ಆದ್ದರಿಂದ ಬರೆಯಲು ಅಡ್ಡಿಯಿಲ್ಲ. ಪಿನ್ನನ್ನು ಗುಂಡಿಗಳ ಡಬ್ಬಿಯ ತಳಕ್ಕೆ ಹಾಕಿ ಮುಚ್ಚಳ ಮುಚ್ಚಿದಳು. ಪ್ಯಾಂಟಿನ ಹೊಲಿಗೆಯನ್ನು ಮೊದಲಿನಂತೆ ಹಾಕಿದಳು. ಗಂಡ ಮನೆಗೆ ಬಂದಾಗ ತುಟಿ ಪಿಟಕ್ಕೆನ್ನಲಿಲ್ಲ. ಅವನು ಲಾರಿಯಿಂದ ಬಿದ್ದ ದಿನ ಫೋನು ಬಂದಾಗ ಅವಳ ಬಾಯಲ್ಲಿ ಪಿನ್ನುಗಳಿದ್ದವಂತೆ, ಒಂದನ್ನು ನುಂಗಿಯೇಬಿಡುತ್ತಿದ್ದಳಂತೆ. ಅವನು ಮೇಜಿನ ಕೆಲಸಕ್ಕೆ ಹೋದಂದಿನಿಂದ ಅವಳು ಫೋನಿನ ಸದ್ದಿಗೆ ಬೆಚ್ಚುವುದು ನಿಂತಿತ್ತು. ಡಬ್ಬಿಯ ಮುಚ್ಚಳ ಹಾಗೆಯೇ ಕೆಲವು ವಾರ ಮುಚ್ಚಿತ್ತು.

ನನಗೆ ಇದೊಂದೂ ಗೊತ್ತಿರಲಿಲ್ಲ. ನಾನು ಕಂಡದ್ದು ಬೇರೆ.

ನಮ್ಮ ಕಟ್ಟಡದ ಮೆಟ್ಟಿಲುಗಳು ಸುತ್ತಿ ಸುತ್ತಿ ಏರುತ್ತವೆ. ನಡುವೆ ಮೇಲಿನಿಂದ ಕೆಳಗಿನವರೆಗೂ ಒಂದು ಕಿರಿದಾದ ತೆರಪು. ಒಂದು ಭಾನುವಾರ ಮಧ್ಯಾಹ್ನ ಬಾಗಿಲಲ್ಲಿ ಕೂತು ಹುರುಳಿಕಾಯಿ ಬಿಡಿಸುತ್ತಿದ್ದೆ. ಆ ತೆರಪಿನಲ್ಲಿ ದಾರದ ಮರದ ಉರುಳೆಯೊಂದು ನೂಲಿನ ತುದಿಗೆ ತೂಗುತ್ತ ಕೆಳಗಿಳಿಯಿತು. ಸ್ವಲ್ಪ ಇಳಿದು ನಿಂತಿತು. ತೂಗಾಟ ಪೂರ್ತಿ ಅಡಗುವವರೆಗೂ ಹಾಗೇ ನಿಂತಿತ್ತು. ಮತ್ತೆ ಅಷ್ಟೇ ಇಳಿದು ಮತ್ತೆ ನಿಂತಿತು. ಯಾವುದೋ ಮಗುವಿನ ಆಟವೆಂದುಕೊಂಡು ಕತ್ತೆತ್ತಿ ನೋಡಿದೆ. ಮೂರನೆಯ ಮಹಡಿಯ ಕಟಕಟೆಗೆ ಎದೆಯಾನಿಸಿ ಲಾಡಿಯಣ್ಣ ನಿಂತಿದ್ದ. ಎರಡು ಬೆರಳ ನಡುವೆ ನೂಲು. ಪ್ರತಿ ಸಲ ನಿಂತಾಗಲೂ ತುಟಿ ಅಲ್ಲಾಡುತ್ತಿತ್ತು, ಯಾರಿಗೋ ಅಂಕಿ ಕೂಗಿ ಹೇಳುವವನ ಹಾಗೆ. ಉರುಳೆ ನೆಲ ಮುಟ್ಟಿದಾಗ ಅವನು ನೂಲನ್ನು ಸುತ್ತಿಕೊಂಡು ಒಳಗೆ ಹೋದ. ನಾನಿದ್ದದ್ದು ಅವನಿಗೆ ಕಾಣಲಿಲ್ಲ.

ಮಾರನೆಯ ದಿನ ಅಂಗಿಯ ತೋಳು ಗಿಡ್ಡ ಮಾಡಿಸಲು ಅಂಗಡಿಗೆ ಹೋದವನು ನಗುತ್ತ ಹೇಳಿದೆ: "ನಿನ್ನ ಯಜಮಾನ ನಿನ್ನ ದಾರದುರುಳೆಯಲ್ಲಿ ನಮ್ಮ ಕಟ್ಟಡದ ಆಳ ಅಳೀತಿದ್ದನಮ್ಮ. ಮೂರು ಮಹಡಿ ಇದೆ ಅಂತ ಹೇಳು, ಪಾಪ."

ಹೊಲಿಗೆ ಯಂತ್ರದ ಚಕ್ರ ನಿಂತಿತು. ಅವಳು ನಗಲಿಲ್ಲ.

"ಯಾವಾಗ ಟೀಚರ್?"

"ನಿನ್ನೆ. ನೀನು ಅಂಗಡಿಯಲ್ಲಿದ್ದೆ."

"ನಾನಿಲ್ಲದಾಗ ಮಾಡ್ತಾರೆ ಅಂದ್ರೆ..." ಅವಳು ಎದ್ದು ಗುಂಡಿಗಳ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಸುರಿದಳು. ಬಣ್ಣಬಣ್ಣದ ಗುಂಡಿಗಳ ನಡುವಿಂದ ಆ ಪಿನ್ನನ್ನು ಎತ್ತಿ ನನ್ನ ಮುಂದಿಟ್ಟಳು. "ಬೈಬಾರ್ದು ಟೀಚರ್. ಮೊದಲು ಕೇಳಿ."

ಕೇಳಿದೆ. ಬೈಯಲಿಲ್ಲ. ಬೈಯಲು ನನಗೆ ಯಾವ ಕಾರಣವೂ ಕಾಣಲಿಲ್ಲ. ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದ ಅವಳ ಮುಖ ಈಗ ನನಗೆ ಅರ್ಥವಾಯಿತು. "ಹೇಳ್ತೀಯಾ?" ಎಂದು ಮಾತ್ರ ಕೇಳಿದೆ.

"ಹೇಳಿದ್ರೆ ಮತ್ತೆ ಆ ಲಾರಿ ಹತ್ತುತ್ತಾರೆ. ಹೇಳದಿದ್ರೆ ಮೆಟ್ಟಿಲ ಸಂದೀಲಿ ನೂಲು ಬಿಡ್ತಾ ನಿಲ್ತಾರೆ. ಏನ್ ಮಾಡ್ಲಿ ನೀವೇ ಹೇಳಿ." ನಾನು ಬಾಯಿ ತೆರೆಯುವ ಮೊದಲೇ ಕೈ ಬೀಸಿದಳು. "ಬೇಡ, ಹೇಳ್ಬೇಡಿ. ನಾಳೆ ತಪ್ಪಾದ್ರೆ ನಿಮ್ಮ ಮೇಲೆ ಹಾಕ್ತೀನಿ."

ಅಂದು ಸಂಜೆ ಅವಳು ಅವನ ಊಟದ ತಟ್ಟೆಯ ಪಕ್ಕ ಪಿನ್ನು ಇಟ್ಟಳು.

"ಏನಿದು?"

"ನಿಮ್ಮ ಕಾಲಲ್ಲಿದ್ದ ಕಬ್ಬಿಣ. ಪ್ಯಾಂಟಿನ ಲಾಡಿ ಮಡಿಕೇಲಿ ಸಿಕ್ತು. ಆವತ್ತು ಜೀಪು ಕೂಗ್ತಿತ್ತಲ್ಲ, ಆ ಅವಸರದಲ್ಲಿ."

ಅವನು ಬಹಳ ಹೊತ್ತು ಅದನ್ನು ತಿರುಗಿಸಿ ನೋಡಿದನಂತೆ. ಕೊನೆಗೆ ಅವನ ಬಾಯಿಂದ ಬಂದ ಮೊದಲ ಮಾತು ತನ್ನನ್ನೇ ಕುರಿತದ್ದು. "ಯಾರ ಕಬ್ಬಿಣ ಅಂತ ನಾನು ಕೇಳ್ಲೇ ಇಲ್ಲ ನೋಡು. ಸ್ಪ್ಯಾನರಿಗೆ ಅಷ್ಟು ಹುಡುಕಿದವನು." ಆಮೇಲೆ ಕೇಳಿದ: "ಯಾವಾಗ ಸಿಕ್ತು?"

ಅವಳು ಸುಳ್ಳು ಹೇಳಲಿಲ್ಲ. ಹೇಳಿದಳು.

ತಟ್ಟೆಯನ್ನು ಹಾಗೇ ಬಿಟ್ಟು ಅವನು ಎದ್ದುಹೋಗಿ ಮೆಟ್ಟಿಲ ಮೇಲೆ ಕೂತ. ಅವಳೂ ಬಂದು ಒಂದು ಮೆಟ್ಟಿಲು ಕೆಳಗೆ ಕೂತಳು. ನಮ್ಮ ಮೆಟ್ಟಿಲ ತೆರಪಿನಲ್ಲಿ ಗುಟ್ಟಿನ ಮಾತು ನಿಲ್ಲುವುದಿಲ್ಲ; ಮೂರನೆಯ ಮಹಡಿಯಲ್ಲಿ ಪಿಸುಗುಟ್ಟಿದರೆ ನೆಲಮಹಡಿಗೆ ಕೇಳುತ್ತದೆ.

"ನಾನು ಮನೇಲಿ ಬಿದ್ದಿರೋದೇ ನಿನಗೆ ಬೇಕಾಗಿತ್ತಾ?"

"ಹೌದು, ಬೇಕಾಗಿತ್ತು. ನೀವು ಮುರ್ಕೊಂಡು ಬಂದ್ರಿ. ಆಪರೇಷನ್ ಕೋಣೆ ಹೊರಗೆ ಬೆಂಚ್ ಮೇಲೆ ಕೂತಿದ್ದೋಳು ನಾನು. ಬಾಗಿಲು ತೆಗೆದಾಗಲೆಲ್ಲ ಯಾರು ಬಂದು ಏನು ಹೇಳ್ತಾರೋ ಅಂತ."

ಮೇಲೆ ಅವನು ಕಾಲು ಸರಿಸಿ ಕೂತ ಸದ್ದು.

"ನೂಲು ಬಿಡ್ತಿದ್ರಂತೆ" ಎಂದಳು ಅವಳು.

"ಯಾರು ಹೇಳಿದ್ದು?"

"ಯಾರೋ ಹೇಳಿದ್ರು."

"ಟೀಚರ್ ಅಲ್ವಾ?" ಅವನು ಕತ್ತು ಬಗ್ಗಿಸಿ ತೆರಪಿನೊಳಗೆ ಕೂಗಿದ. "ಟೀಚರ್! ನಿದ್ದೆ ಬಂತಾ?"

ನಾನು ದೀಪ ಆರಿಸಿಬಿಟ್ಟೆ. ಮೇಲಿಂದ ಅವಳ ನಗು ಕೇಳಿಸಿತು, ಆಮೇಲೆ ಅವನದೂ. ಆದರೂ ಮೂರ್ನಾಲ್ಕು ದಿನ ಅವರ ಮನೆಯಲ್ಲಿ ಪಾತ್ರೆಗಳ ಸದ್ದು ಸ್ವಲ್ಪ ಜೋರಾಗಿಯೇ ಇತ್ತು.

ಪಿನ್ನು ಸಿಕ್ಕಿತೆಂದ ಮಾತ್ರಕ್ಕೆ ಕಾಲಿನ ಪಟ್ಟಿ ನಿರಪರಾಧಿ ಎಂದು ಹೇಳಲಾಗುತ್ತಿರಲಿಲ್ಲ. ಕಬ್ಬಿಣ ಎರಡು ಕಡೆಯೂ ಇರಬಹುದಲ್ಲ. ಅದನ್ನು ತಿಳಿಯಲು ಕೋಲಿನ ಮುಂದೆಯೇ ನಿಲ್ಲಬೇಕಿತ್ತು. ದಡದ ಎರಡು ಕಂಬಗಳ ಅಳತೆ ಮುಗಿದಿತ್ತು. ನಡುಹೊಳೆಯ ಕಂಬ ಉಳಿದಿತ್ತು. ನೀರು ಇಳಿದು ಮರಳ ದಿಬ್ಬ ಮೇಲೇಳುವವರೆಗೆ ಅಲ್ಲಿ ಕೊರೆಯುವಂತಿರಲಿಲ್ಲ. ಅವನು ಇಂಜಿನಿಯರಮ್ಮನಿಗೆ ಪಿನ್ನನ್ನು ತೋರಿಸಿದ. ಅವಳು ಹಣೆ ಚಚ್ಚಿಕೊಂಡಳು. "ಅಣ್ಣಾ, ನಾವೆಲ್ಲ ಸೇರಿ ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ವಲ್ಲ!" ನಡುಹೊಳೆಯ ಕೊಳವೆಗೆ ಅವನೇ ಬರಲಿ, ಅಂಕಿ ಓಡಿದರೆ ಮೇಜು ಇದ್ದೇ ಇದೆ ಎಂದಾಯಿತು.

ಈ ಸಲ ಪ್ಯಾಂಟನ್ನು ಹೊಲಿಯುವಾಗ ಅವಳು ಅಂಗಡಿಯ ಬಾಗಿಲು ಹಾಕಿಕೊಂಡಳು. ಬ್ರಷ್ಷಿನ ಹಿಡಿಯಲ್ಲೇ ಲಾಡಿ ಓಡಿಸಿದಳು. ಹೊಲಿದಾದ ಮೇಲೆ ಮಡಿಕೆಯನ್ನು ಬೆರಳಿನಿಂದ ಸುತ್ತಲೂ ಒತ್ತಿ ನೋಡಿ, ನನ್ನ ಕೈಗೂ ಕೊಟ್ಟು, "ನೀವೂ ನೋಡಿ, ಉತ್ತರಪತ್ರಿಕೆ ನೋಡೋ ಹಾಗೆ" ಎಂದಳು. ಜೊತೆಗೆ ಗಂಡನಿಗೆ ಎರಡು ಷರತ್ತು. ಲಾರಿಯಿಂದ ಯಾರಾದರೂ ಕೈ ಹಿಡಿಯದೆ ಇಳಿಯಕೂಡದು. ಎರಡನೆಯದು, ತಾನೂ ಬಂದು ನೋಡುತ್ತೇನೆ.

"ನೀನಾ? ನಡೆದಾಡೋ ಗುಜರಿ ಅಂಗಡಿ!"

"ದೂರ ನಿಲ್ತೀನಿ ಬಿಡಿ."

ಆ ದಿನ ಮರಳಿನ ಮೇಲೆ ನಡೆದದ್ದನ್ನು ನನಗೆ ಇಬ್ಬರೂ ಹೇಳಿದ್ದಾರೆ. ಚಾಲಕನೂ ಹೇಳಿದ್ದಾನೆ, ಅವನದು ಸ್ವಲ್ಪ ಉಪ್ಪು ಹೆಚ್ಚು. ಮುಕ್ಕಾಲಿಯಲ್ಲಿ ಕೋಲು ತೂಗುತ್ತಿತ್ತು. ಅಂಕಿ ನಿಂತಿತ್ತು. ಇಂಜಿನಿಯರಮ್ಮ ಅಂಕಿಯ ಪೆಟ್ಟಿಗೆಯ ಮುಂದೆ ಕೂತಿದ್ದಳು. ಲಾಡಿಯಣ್ಣ ಹಗ್ಗದ ಹತ್ತಿರ ಬಂದು, ಒಳಗೆ ಕಾಲಿಡದೆ ನಿಂತುಬಿಟ್ಟ.

"ಬನ್ನಿ ಅಣ್ಣಾ."

ಅವನು ಮೊದಲು ಒಳ್ಳೆಯ ಕಾಲನ್ನು ಇಟ್ಟ. ಆಮೇಲೆ ಇನ್ನೊಂದನ್ನು. ಕೊಳವೆಯ ಬಾಯಿಗೆ ಬಂದು ಕೇಬಲ್ಲನ್ನು ಹಿಡಿದು ಕಣ್ಣು ಮುಚ್ಚಿದ.

ಆಗ ಇಂಜಿನಿಯರಮ್ಮ, "ಅಯ್ಯೋ, ಓಡ್ತಾ ಇದೆ" ಎಂದಳು.

ಅವನ ಕೈ ಕೇಬಲ್ಲಿನಿಂದ ಸಡಿಲಿತು. ಒಂದು ಹೆಜ್ಜೆ ಹಿಂದಿಟ್ಟ. ಅಂಕಿ ಇನ್ನೂ ಓಡುತ್ತಿತ್ತು. ಇನ್ನೊಂದು ಹೆಜ್ಜೆ. ಆದರೂ ಓಡುತ್ತಿತ್ತು. ಅವನು ಕಣ್ಣು ಬಿಟ್ಟ. ತಾನು ಹಿಂದೆ ಸರಿದರೂ ನಿಲ್ಲದ ಅಂಕಿ ತನ್ನದಲ್ಲ! ತಟ್ಟನೆ ಹಿಂದಿರುಗಿ ನೋಡಿದ. ದೂರ ನಿಲ್ಲುತ್ತೇನೆಂದ ಹೆಂಡತಿ, ಗಂಡ ಕಣ್ಣು ಮುಚ್ಚಿದ್ದನ್ನು ಕಂಡು ತಡೆಯಲಾರದೆ, ಹಗ್ಗವನ್ನು ಎತ್ತಿಕೊಂಡು ಒಳಗೇ ಬಂದು ಅವನ ಬೆನ್ನ ಹಿಂದೆ ನಿಂತಿದ್ದಳು. ಕಾಲರಿನ ತುಂಬ ಪಿನ್ನು, ಕೈಚೀಲದಲ್ಲಿ ಕತ್ತರಿ.

"ಯಾರ ಕಬ್ಬಿಣ ಅಂತ ಕೇಳ್ಬೇಕಾಗಿಲ್ಲ ಈ ಸಲ!" ಎಂದು ಅವನು ಕೂಗಿದ. "ಆಚೆ! ಆಚೆ ಹೋಗು ಮಾರಾಯ್ತಿ!"

ಮರಳಿನ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಕೆಂಪಾಗಿ ಆಚೆ ಓಡಿದಳು. ಅಂಕಿ ನೆಲೆ ನಿಂತಿತು. ಲಾಡಿಯಣ್ಣ ಮತ್ತೆ ಕೊಳವೆಗೆ ಬಂದು, ತನ್ನ ತಿರುಪಿನ ಕಾಲನ್ನು ಕೋಲಿಗೆ ತಾಗುವಷ್ಟು ಹತ್ತಿರ ತಂದ. ಅಂಕಿ ಅಲುಗಲಿಲ್ಲ. ಮೂಳೆಯ ಡಾಕ್ಟರು ಸರಿಯಾಗಿಯೇ ಹೇಳಿದ್ದರು.

ಆಮೇಲೆ ಕೆಲಸ ನಡೆಯಿತು. ಕೋಲು ಸ್ವಲ್ಪ ಇಳಿದು ನಿಲ್ಲುತ್ತಿತ್ತು; ತೂಗಾಟ ಅಡಗುವವರೆಗೆ ಅವನು ಕಾಯುತ್ತಿದ್ದ; ಆಳ ಕೂಗುತ್ತಿದ್ದ; ಇಂಜಿನಿಯರಮ್ಮ ಅಂಕಿ ಬರೆಯುತ್ತಿದ್ದಳು. ಹೆಂಡತಿ ದಿಬ್ಬದ ಅಂಚಿನಲ್ಲಿ ಕೂತು ನೋಡುತ್ತಿದ್ದಳು. ಅರ್ಧ ಮುಗಿದ ಮೇಲೆ ಅವನೇ ಅವಳನ್ನು ಕರೆದ. "ಇವಳೇ, ಎಲ್ಲ ಬಿಚ್ಚಿಟ್ಟು ಬಾ." ಅವಳು ಕಾಲರಿನ ಪಿನ್ನು, ಬೆರಳ ಟೊಪ್ಪಿ, ಕೊನೆಗೆ ತಲೆಗೂದಲಿನ ಪಿನ್ನುಗಳನ್ನೂ ತೆಗೆದು ಚಾಲಕನ ಊಟದ ಡಬ್ಬಿಯೊಳಗೆ ಹಾಕಿ ಬಂದಳು. "ಲೆಕ್ಕ ಇಟ್ಕೊಳ್ಳಿ, ಅನ್ನದ ಜೊತೆ ತಿಂದುಬಿಟ್ಟೀರ" ಎಂದಳು ಅವನಿಗೆ. ಹೊಳೆಯ ಗಾಳಿಗೆ ಅವಳ ಕೂದಲು ಮುಖದ ತುಂಬ ಹಾರುತ್ತಿತ್ತು. ಲಾಡಿಯಣ್ಣ ತನ್ನ ಚೀಲದಿಂದ ಹೆಚ್ಚುವರಿ ಲಾಡಿಯ ತುಂಡೊಂದನ್ನು ತೆಗೆದು ಕೊಟ್ಟ. ಅದರಲ್ಲಿ ಕೂದಲು ಕಟ್ಟಿಕೊಂಡಳು.

"ಕೇಬಲ್ ಹಿಡ್ಕೋ. ಎಳೀಬೇಡ, ಬಿಡಬೇಡ. ನೂಲು ಬಿಟ್ಟ ಹಾಗೆ."

ಅವಳು ಬಿಟ್ಟಳು. ಇಂಜಿನಿಯರಮ್ಮನ ಅಂಕಿಗಳು ಕುಣಿದವು, ಕುಣಿದವು. ಆಮೇಲೆ ಮೆಲ್ಲಗೆ ಸೋತು ಒಂದೇ ಕಡೆ ನಿಂತವು. ಇನ್ನೂ ಸ್ವಲ್ಪ ಇಳಿಸಿದರು. ಅಲ್ಲಿಯೂ ಅದೇ ಅಂಕಿ.

"ಏನಾಯ್ತು, ಕೆಟ್ಟೋಯ್ತಾ?" ಎಂದು ಅವಳು ಗಾಬರಿಯಿಂದ ಕೇಳಿದಳು.

"ಇಲ್ಲ" ಎಂದ ಅವನು. "ಕಂಬ ಮುಗೀತು."

ಅಗೆಯಬೇಕೆಂದಿದ್ದ ಆಳಕ್ಕಿಂತ ಬಹಳ ಕೆಳಗೆ ಮುಗಿದಿತ್ತು ಆ ಕಂಬ. ಸೇತುವೆ ಉಳಿಯಿತು, ನಾನು ಈಗಲೂ ಬೆಳಗಿನ ನಡಿಗೆಗೆ ಅದನ್ನು ದಾಟುತ್ತೇನೆ.

ಆ ಸಂಜೆ ಬಾಗಿಲಲ್ಲಿ ಕೂತಿದ್ದೆ. ಇಬ್ಬರೂ ಮರಳು ಮೆತ್ತಿದ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಬಂದರು. ಅವಳ ಕೂದಲಿನಲ್ಲಿ ಇನ್ನೂ ಆ ಲಾಡಿಯಿತ್ತು. ಅವನು ನನ್ನ ಬಾಗಿಲ ಮೊಳೆಯಿಂದ ಚಾವಿ ತೆಗೆದುಕೊಂಡ. ಬೆಳಗ್ಗೆ ಹೋಗುವಾಗ ಯಾವಾಗ ತಗುಲಿಸಿದ್ದನೋ ನಾನು ಗಮನಿಸಿರಲಿಲ್ಲ.